ನಗರ ಕಟ್ಟಿದ ನಗರದ ರೈತರು

"ಪಾಪ, ಹಳ್ಳಿ ಜನ. ಅವರಿಗೇನ್ ಗೊತ್ತಾಗುತ್ತೆ? ಯಾರೋ ಬಸ್ ಹತ್ತಿಸಿ ಕರ್ಕೊಂಡು ಬಂದಿರ್ತಾರೆ."

ಹಸಿರು ಶಾಲಿನ ಮೆರವಣಿಗೆ ಮೆಜೆಸ್ಟಿಕ್ ಕಡೆಯಿಂದ ಫ್ರೀಡಂ ಪಾರ್ಕಿಗೆ ಹೊರಟ ದಿನ ಬೆಂಗಳೂರಿನ ಯಾವ ಆಫೀಸಿನ ಕ್ಯಾಂಟೀನಿನಲ್ಲಿ ಕೂತರೂ ಈ ಮಾತು ಕಿವಿಗೆ ಬೀಳುತ್ತದೆ. ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡವರ ಸಿಟ್ಟು ಅಂತ ಬಿಟ್ಟುಬಿಡಬಹುದಿತ್ತು. ಆದರೆ ಇದೇ ಮಾತಿಗೆ ಇಸ್ತ್ರಿ ಹಾಕಿದ ರೂಪವೊಂದಿದೆ: "ರೈತರಿಗೆ ಕಾಯ್ದೆ ಸರಿಯಾಗಿ ಅರ್ಥ ಆಗಿಲ್ಲ. ಯಾರಾದ್ರೂ ಕೂತು ತಿಳಿಸಿ ಹೇಳ್ಬೇಕು." ಇನ್ನೂ ಸ್ವಲ್ಪ ಓದಿಕೊಂಡವರ ಮಾತು ಬೇರೆ ಥರ: "ರಾಜಕೀಯ ಬದಲಾವಣೆ ಯಾವತ್ತಿದ್ರೂ ಸಿಟಿಯಲ್ಲೇ ಹುಟ್ಟೋದು ಗುರೂ. ಓದಿದ ಮಿಡಲ್ ಕ್ಲಾಸ್ ಶುರು ಮಾಡುತ್ತೆ, ಹಳ್ಳಿಯವರು ಹಿಂದೆ ಬರ್ತಾರೆ."

ಮೂರೂ ಮಾತುಗಳ ಹೊಟ್ಟೆಯಲ್ಲಿರುವುದು ಒಂದೇ ನಂಬಿಕೆ. ಹಳ್ಳಿಯವರು ಕ್ರಾಂತಿಗೆ ತಲೆಯೆಣಿಕೆ ಒದಗಿಸುತ್ತಾರೆ, ತಲೆ ಒದಗಿಸುವುದು ನಾವು ಅಂತ. ಈ ನಂಬಿಕೆ ಸುಳ್ಳು. ಅದಕ್ಕೆ ಸಾಕ್ಷಿ ಹುಡುಕಿಕೊಂಡು ಪ್ಯಾರಿಸ್ಸಿಗೋ ಮಾಸ್ಕೋಗೋ ಹೋಗಬೇಕಾಗಿಲ್ಲ. ಭಾನುವಾರ ಬೆಳಿಗ್ಗೆ ನೀವು ಶೂ ಹಾಕಿಕೊಂಡು ಓಡುತ್ತೀರಲ್ಲ, ಆ ಕಬ್ಬನ್ ಪಾರ್ಕಿನಲ್ಲೇ ಇದೆ.

ಕಬ್ಬನ್ ಯಾರು? ಮಾರ್ಕ್ ಕಬ್ಬನ್, 1834ರಿಂದ 1861ರವರೆಗೆ ಮೈಸೂರು ರಾಜ್ಯವನ್ನು ಆಳಿದ ಬ್ರಿಟಿಷ್ ಕಮಿಷನರ್. ಮೈಸೂರಿಗೆ ಮಹಾರಾಜರಿದ್ದರಲ್ಲ, ಕಮಿಷನರ್ ಎಲ್ಲಿಂದ ಬಂದ? ಈ ಪ್ರಶ್ನೆಗೆ ಉತ್ತರ ಮಲೆನಾಡಿನಲ್ಲಿದೆ. ಈಗ ಹೊಸನಗರ ತಾಲೂಕಿನಲ್ಲಿ ನಗರ ಅಂತ ಒಂದು ಪುಟ್ಟ ಊರಿದೆ. ಹಿಂದೆ ಅದು ಬಿದನೂರು, ಕೆಳದಿ ಅರಸರ ರಾಜಧಾನಿ. 1763ರಲ್ಲಿ ಹೈದರಾಲಿ ಗೆದ್ದುಕೊಂಡು ಹೈದರ್‌ನಗರ ಅಂತ ಹೆಸರಿಟ್ಟ. ಕಾಲಕ್ರಮದಲ್ಲಿ ಹೈದರ್ ಉದುರಿ ಬರೀ ನಗರ ಉಳಿಯಿತು. 1830ರಲ್ಲಿ ಈ ನಗರದ ಸೀಮೆಯ ರೈತರು ದಂಗೆ ಎದ್ದರು. ಮರುವರ್ಷ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತ ತಪ್ಪಿತು. ಅದು ಮತ್ತೆ ಅರಸುಮನೆತನಕ್ಕೆ ಸಿಕ್ಕಿದ್ದು 50 ವರ್ಷಗಳ ನಂತರ, 1881ರಲ್ಲಿ.

ದಂಗೆ ಯಾಕಾಯಿತು ಅನ್ನೋದನ್ನು ಕಾರ್ಪೊರೇಟ್ ಭಾಷೆಯಲ್ಲೇ ಹೇಳಿದರೆ ನಿಮಗೆ ಬೇಗ ತಿಳಿಯುತ್ತದೆ. ಆಗ ಮೈಸೂರಿನಲ್ಲಿ 'ಶರತ್ತು' ಪದ್ಧತಿ ಅಂತ ಒಂದಿತ್ತು. ಇಂತಿಷ್ಟು ಕಂದಾಯ ಎತ್ತಿಕೊಡುತ್ತೇನೆ ಅಂತ ಅಮಲ್ದಾರ ಬರೆದುಕೊಡಬೇಕು. ಕಡಿಮೆ ಬಿದ್ದರೆ ಅವನೇ ತುಂಬಬೇಕು. ಹೆಚ್ಚು ಬಂದರೆ ಆ ಹೆಚ್ಚಿನದೂ ಸರ್ಕಾರಕ್ಕೆ. ಅಂದರೆ ಟಾರ್ಗೆಟ್ ಮುಟ್ಟದಿದ್ದರೆ ಸಂಬಳದಲ್ಲಿ ಕಡಿತ, ಮೀರಿದರೆ ಇನ್ಸೆಂಟಿವ್ ಇಲ್ಲ. ಇಂಥ ಕರಾರಿಗೆ ಸಹಿ ಹಾಕಿದ ಮ್ಯಾನೇಜರ್ ಏನು ಮಾಡುತ್ತಾನೆ? ಕೆಳಗಿನವರನ್ನು ಹಿಂಡುತ್ತಾನೆ, ಹಿಂಡಿದ್ದರಲ್ಲಿ ಒಂದಷ್ಟನ್ನು ಲೆಕ್ಕಕ್ಕೆ ತೋರಿಸದೆ ಜೇಬಿಗೆ ಇಳಿಸುತ್ತಾನೆ. ಕೆಳಗೆ ಕೊನೆಯಲ್ಲಿ ಇದ್ದದ್ದು ರೈತ.

ಕಂದಾಯ ಸಾಲದು ಅಂತ ಮೇಲೆ ಸಣ್ಣಪುಟ್ಟ ತೆರಿಗೆಗಳ ಕಾಟ. ಮದುವೆಗೆ ತೆರಿಗೆ. ಮಗು ಹುಟ್ಟಿದರೆ ತೆರಿಗೆ, ಹೆಸರಿಟ್ಟರೆ ತೆರಿಗೆ, ಜಾವಳ ತೆಗೆಸಿದರೆ ತೆರಿಗೆ. ಬಿ.ಎಲ್. ರೈಸ್ ಮೈಸೂರಿನ ಗ್ಯಾಸೆಟಿಯರಿನಲ್ಲಿ ಕೊಡುವ ಎರಡು ಉದಾಹರಣೆ ಕೇಳಿ. ಒಂದು ಊರಿನವರು ತೆರಿಗೆ ಕಟ್ಟುತ್ತಿದ್ದದ್ದು ಯಾಕೆಂದರೆ, ಪಾಳೆಯಗಾರನ ಕುದುರೆ ತಪ್ಪಿಸಿಕೊಂಡಾಗ ಅವರ ಪೂರ್ವಿಕರಿಗೆ ಅದನ್ನು ಹುಡುಕಿಕೊಡಲು ಆಗಿರಲಿಲ್ಲ! ನಗರದಲ್ಲೇ ಒಂದು ಜಾಗವಿತ್ತು. ಅಲ್ಲಿ ನಡೆಯುವಾಗ ಕೈಗಳನ್ನು ಮೈಗೆ ಒತ್ತಿ ಹಿಡಿದುಕೊಳ್ಳದೆ ಬೀಸಿಕೊಂಡು ಹೋದರೆ ಅದಕ್ಕೂ ತೆರಿಗೆ. ಕಮಿಷನ್ ಆಡಳಿತ ಬಂದ ಮೇಲೆ ರದ್ದಾದ ಇಂಥ ಚಿಲ್ಲರೆ ತೆರಿಗೆಗಳನ್ನು ಎಣಿಸಿದರೆ 769. ಏಳುನೂರ ಅರವತ್ತೊಂಬತ್ತು ಸ್ವಾಮಿ! ಜಿಎಸ್‌ಟಿ ಸ್ಲ್ಯಾಬುಗಳ ಬಗ್ಗೆ ಮೀಮ್ ಮಾಡುವವರು ಈ ಸಂಖ್ಯೆಯನ್ನು ನೆನಪಿಟ್ಟುಕೊಳ್ಳಬೇಕು.

ರೈತರು ಮಾಡಿದ್ದೇನು? ಕೂಟ ಸೇರಿದರು. 'ಕೂಟ' ಅನ್ನೋದು ಆ ದಂಗೆಯ ಪದ. ಊರೂರಿನ ರೈತರು ಮನೆ, ಹೊಲ ಬಿಟ್ಟು ಒಂದೆಡೆ ನೆರೆದು, ನಮ್ಮ ದೂರು ಕೇಳುವತನಕ ಕಂದಾಯ ಕೊಡೋದಿಲ್ಲ ಅಂತ ಕೂತುಬಿಡುವುದು. ವಾಟ್ಸಾಪ್ ಇಲ್ಲ, ಪತ್ರಿಕೆ ಇಲ್ಲ, ರೈಲಿಲ್ಲ. ಮಲೆನಾಡಿನ ಕಾಡುದಾರಿಗಳಲ್ಲಿ ಸುದ್ದಿ ನಡೆದುಕೊಂಡೇ ಹೋಗಬೇಕು. ಹಾಗಿದ್ದೂ ದಂಗೆ ಒಂದೆರಡು ಊರಿಗೆ ನಿಲ್ಲಲಿಲ್ಲ. ಅರಸರ ಸೈನ್ಯ ಬಂತು, ಗುಂಡು ಹಾರಿತು, ಜನ ಸತ್ತರು. ಕೊನೆಗೆ ಕಂಪನಿಯ ಸೈನ್ಯವೇ ಬರಬೇಕಾಯಿತು. 1831ರ ಅಕ್ಟೋಬರಿನಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ರಾಜ್ಯದ ಆಡಳಿತವನ್ನು ಕಂಪನಿಯ ಕೈಗೆ ತೆಗೆದುಕೊಂಡ.

"ಅದು ರೈತರ ದಂಗೆ ಅಲ್ಲ, ಯಾರೋ ಎತ್ತಿಕಟ್ಟಿದ್ದು" ಅಂತ ಆಗಲೂ ಹೇಳುವವರಿದ್ದರು. ಕೈವಾಡಗಳು ಇರಲಿಲ್ಲ ಅಂತ ನಾನು ಹೇಳುತ್ತಿಲ್ಲ. ಅಧಿಕಾರ ಕಳೆದುಕೊಂಡ ಅಧಿಕಾರಿಗಳ ಒಳಸಂಚಿತ್ತು. ಹಳೆಯ ಪಾಳೆಯಗಾರರ ಆಸೆ ಇತ್ತು. ಬೂದಿ ಬಸವಪ್ಪ ಅನ್ನುವವನೊಬ್ಬ ತಾನು ಕೆಳದಿ ವಂಶದವನು, ನಗರದ ಗಾದಿ ತನ್ನದು ಅಂತ ಎದ್ದು ನಿಂತಿದ್ದ. ಆದರೆ ಅವನು ಜನರ ಮುಂದೆ ಇಟ್ಟದ್ದೇನು? ಕಂದಾಯದ ಬಾಕಿ ಮನ್ನಾ, ಮುಂದಿನ ಕಂದಾಯ ಇಳಿಕೆ. ಸಿಂಹಾಸನ ಬೇಕಿದ್ದವನೂ ರೈತನ ಲೆಕ್ಕದಲ್ಲೇ ಮಾತಾಡಬೇಕಾಯಿತು. ಈಗ ಹೇಳಿ, ಯಾರು ಯಾರನ್ನು ಎತ್ತಿಕಟ್ಟಿದ್ದು? ಹಸಿದವನಿಗೆ ಹಸಿವಾಗಿದೆ ಅಂತ ಹೊರಗಿನವರು ಬಂದು ಹೇಳಿಕೊಡಬೇಕಾ?

ಈಗ ಬೆಂಗಳೂರಿಗೆ ಬರೋಣ. ಪೇಟೆ ಕೆಂಪೇಗೌಡರ ಕಾಲದಿಂದ ಇತ್ತು. ದಂಡು 1809ರಿಂದ ಇತ್ತು. ಆದರೆ ರಾಜ್ಯದ ಆಡಳಿತ ಮೈಸೂರಿನಿಂದ ಇಲ್ಲಿಗೆ ಬಂದದ್ದು 1831ರಲ್ಲಿ, ಈ ಕಮಿಷನ್ನಿನ ಜೊತೆಗೆ. 1860ರ ದಶಕದಲ್ಲಿ ಕಮಿಷನ್ನಿನ ಇಲಾಖೆಗಳಿಗಾಗಿ ಅಠಾರ ಕಚೇರಿ ಕಟ್ಟಿದರು. ಈಗ ಹೈಕೋರ್ಟ್ ಇರುವ ಕೆಂಪು ಕಟ್ಟಡ ಅದೇ. ಅದರ ಪಕ್ಕದ ತೋಟವೇ ನಿಮ್ಮ ಕಬ್ಬನ್ ಪಾರ್ಕ್. ಬೆಂಗಳೂರು ಒಂದು ರಾಜ್ಯವನ್ನು ಆಳುವ ಊರಾದದ್ದಕ್ಕೆ ಹಿಂದಿರುವ ಕಾರಣಗಳ ಸರಪಳಿಯನ್ನು ಹಿಡಿದು ಹಿಂದಕ್ಕೆ ಹೋದರೆ, ಕಂದಾಯ ಕೊಡದೆ ಬಯಲಿನಲ್ಲಿ ಕೂತ ಮಲೆನಾಡಿನ ರೈತ ಸಿಗುತ್ತಾನೆ. ಆ ಪಾರ್ಕಿನಲ್ಲಿ ಅವನದೊಂದು ಕಲ್ಲು ಇದೆಯಾ? ಕಬ್ಬನ್ನಿನ ಪ್ರತಿಮೆ ಇದೆ.

ನಗರದ ದಂಗೆಗೆ ಒಂದು ದುರಂತವೂ ಇದೆ, ಅದನ್ನು ಮುಚ್ಚಿಡಬಾರದು. ರೈತರು ಕೇಳಿದ್ದು ನ್ಯಾಯವಾದ ಲೆಕ್ಕ. ಆಡಳಿತ ಸಿಕ್ಕಿದ್ದು ಕಂಪನಿಗೆ. ಎದ್ದವರು ಒಬ್ಬರು, ಲಾಭ ಎತ್ತಿದವರು ಇನ್ನೊಬ್ಬರು. ಇದು ಹಳ್ಳಿಯ ದಂಗೆಗಳಲ್ಲಿ ಮತ್ತೆ ಮತ್ತೆ ಆಗುವಂಥದ್ದು. ಆದರೆ ಇದರಿಂದ ಹಳ್ಳಿಯವರು ದಡ್ಡರು ಅಂತ ತೀರ್ಮಾನಿಸುವುದು, ಮನೆ ಕಳ್ಳತನವಾದವನನ್ನೇ ಕಳ್ಳ ಅಂದಂತೆ.

ಅದೇ ಶಿವಮೊಗ್ಗ ಸೀಮೆಯಲ್ಲಿ ಇನ್ನೊಂದು ಊರು, ಶಿಕಾರಿಪುರ ತಾಲೂಕಿನ ಈಸೂರು. ವರ್ಷ 1942. ಕ್ವಿಟ್ ಇಂಡಿಯಾ ಚಳವಳಿ ಅಂದಕೂಡಲೇ ನಮಗೆ ನೆನಪಾಗುವುದು ಬೊಂಬಾಯಿಯ ಮೈದಾನ, ಗಾಂಧಿಯವರ ಭಾಷಣ. ಈಸೂರಿನವರು ಆ ಭಾಷಣವನ್ನು ಕೃತಿಗಿಳಿಸಿದರು. ಕಂದಾಯ ಕೊಡೋದಿಲ್ಲ ಅಂದರು, ವೀರಭದ್ರ ದೇವಸ್ಥಾನದ ಮೇಲೆ ಬಾವುಟ ಹಾರಿಸಿದರು, ಊರು ಸ್ವತಂತ್ರ ಅಂತ ಸಾರಿದರು. ಊರಿನ ಹುಡುಗರಿಬ್ಬರನ್ನು ಅಮಲ್ದಾರ, ಸಬ್‌ಇನ್ಸ್‌ಪೆಕ್ಟರ್ ಅಂತ ನೇಮಿಸಿ ತಮ್ಮದೇ ಸರ್ಕಾರ ಮಾಡಿಕೊಂಡರು. ಸರ್ಕಾರವನ್ನು ಇದಕ್ಕಿಂತ ಚೆನ್ನಾಗಿ ಗೇಲಿ ಮಾಡಲು ಯಾವ ಸ್ಟ್ಯಾಂಡಪ್ ಕಾಮಿಡಿಯನ್ನಿಗೆ ಬರುತ್ತೆ?

ಮುಂದಿನದು ಗೇಲಿಯಲ್ಲ. ಸೆಪ್ಟೆಂಬರ್ 28ರಂದು ಪೊಲೀಸರೊಂದಿಗೆ ಊರಿಗೆ ಬಂದ ಅಮಲ್ದಾರರೂ ಸಬ್‌ಇನ್ಸ್‌ಪೆಕ್ಟರರೂ ಘರ್ಷಣೆಯಲ್ಲಿ ಕೊಲೆಯಾದರು. ಎರಡು ಜೀವ ಹೋಯಿತು, ಅದಕ್ಕೆ ಬಣ್ಣ ಬಳಿಯುವ ಅಗತ್ಯವಿಲ್ಲ. ಆಮೇಲೆ ಸೈನ್ಯ, ಪೊಲೀಸರು ಊರಿನ ಮೇಲೆ ಬಿದ್ದರು. 1943ರ ಮಾರ್ಚ್‌ನಲ್ಲಿ ಈಸೂರಿನ ಐವರನ್ನು ಗಲ್ಲಿಗೇರಿಸಿದರು. ಜೀವಾವಧಿ ಶಿಕ್ಷೆಯಾದವರಲ್ಲಿ ಹೆಂಗಸರೂ ಇದ್ದರು. 'ಏಸೂರು ಕೊಟ್ಟರೂ ಈಸೂರು ಕೊಡೆವು' ಅನ್ನುವ ಘೋಷಣೆ ಈಗ ಕ್ವಿಜ್ ಪ್ರಶ್ನೆ. ಗಲ್ಲಿಗೇರಿದ ಐವರಲ್ಲಿ ಒಬ್ಬರ ಹೆಸರನ್ನಾದರೂ ಹೇಳಿ ಅಂದರೆ ನಮ್ಮಲ್ಲಿ ಎಷ್ಟು ಜನಕ್ಕೆ ಬರುತ್ತೆ? ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ. ಓದಿ ಮುಗಿಸಲು ಐದು ಸೆಕೆಂಡ್ ಸಾಕು.

ಸ್ವಾತಂತ್ರ್ಯ ಬಂತು. ಅದಾಗಿ ನಾಲ್ಕು ವರ್ಷಕ್ಕೆ, 1951ರ ಏಪ್ರಿಲ್‌ನಲ್ಲಿ, ಅದೇ ಜಿಲ್ಲೆಯ ಸಾಗರ ತಾಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದರು. ಬ್ರಿಟಿಷರು ಹೋಗಿದ್ದರು, ಗೇಣಿ ಹೋಗಿರಲಿಲ್ಲ. ಇಲ್ಲಿ ಜಗಳದ ಮೂಲ ಒಂದು ಕೊಳಗ. ಕೊಳಗ ಅಂದರೆ ಭತ್ತ ಅಳೆಯುವ ಪಾತ್ರೆ. ಒಡೆಯರು ಗೇಣಿ ಭತ್ತ ಅಳೆದುಕೊಳ್ಳುತ್ತಿದ್ದ ಕೊಳಗ, ವಾಡಿಕೆಯ ಕೊಳಗಕ್ಕಿಂತ ದೊಡ್ಡದು. ಕಾಗದದ ಮೇಲೆ ಗೇಣಿ ಅಷ್ಟೇ ಇರುತ್ತದೆ, ಪಾತ್ರೆ ಮಾತ್ರ ದೊಡ್ಡದಾಗಿರುತ್ತದೆ. ಪ್ರತಿ ಸುಗ್ಗಿಯಲ್ಲೂ, ಪ್ರತಿ ಅಳತೆಯಲ್ಲೂ ಒಂದಿಷ್ಟು ಭತ್ತ ಸದ್ದಿಲ್ಲದೆ ಆಚೆ ಹೋಗುತ್ತದೆ.

ಶೋಷಣೆ ಹೇಗೆ ನಡೆಯುತ್ತೆ ಅಂತ ಇದಕ್ಕಿಂತ ಸರಳವಾಗಿ ಹೇಳುವ ಪಾಠವನ್ನು ನಾನು ಯಾವ ಪುಸ್ತಕದಲ್ಲೂ ಕಂಡಿಲ್ಲ. ಮತ್ತು ಇದನ್ನು ಕಂಡುಹಿಡಿದದ್ದು ಯಾವ ಅರ್ಥಶಾಸ್ತ್ರಜ್ಞನೂ ಅಲ್ಲ. ವರ್ಷಾ ವರ್ಷಾ ಭತ್ತ ಸುರಿದು ಕೈ ಸವೆಸಿಕೊಂಡ ಗೇಣಿದಾರ. ಅವರಲ್ಲಿ ಹೆಚ್ಚಿನವರು ದೀವರು. ಅವರನ್ನು ಸಂಘ ಕಟ್ಟಿ ನಿಲ್ಲಿಸಿದ ಎಚ್. ಗಣಪತಿಯಪ್ಪ ಸಾಗರದ ಕಡೆಯವರೇ. ಸಂಘ ಕಟ್ಟಿದ್ದಕ್ಕೆ ಉಳುವ ಗದ್ದೆ ತಪ್ಪಿಸಿದಾಗ ಗೇಣಿದಾರರು ನೇಗಿಲು ಹೊತ್ತು ಅದೇ ಗದ್ದೆಗೆ ಇಳಿದರು, ಜೈಲಿಗೆ ಹೋದರು. ಸಮಾಜವಾದಿ ಪಕ್ಷ ಬೆನ್ನಿಗೆ ನಿಂತಿತು. ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದದ್ದು ಜೂನ್ ತಿಂಗಳಲ್ಲಿ. ತಾರೀಕಿನ ಕ್ರಮ ಗಮನಿಸಿ: ಗೇಣಿದಾರರು ಏಪ್ರಿಲ್, ಲೋಹಿಯಾ ಜೂನ್. ಲೋಹಿಯಾರಿಗೆ ಇದು ಗೊತ್ತಿತ್ತು. ಗೊತ್ತಿಲ್ಲದಿರುವುದು, ಕಾಗೋಡನ್ನು 'ಲೋಹಿಯಾ ಮಾಡಿದ ಚಳವಳಿ' ಅಂತ ಒಂದು ಸಾಲಿನಲ್ಲಿ ಓದಿಕೊಂಡ ನಮಗೆ.

ಮರುವರ್ಷದ ಚುನಾವಣೆಯಲ್ಲಿ ಶಾಂತವೇರಿ ಗೋಪಾಲಗೌಡರು ಅಲ್ಲಿಂದಲೇ ಗೆದ್ದು ವಿಧಾನಸಭೆಗೆ ಬಂದರು. ಗೇಣಿ ರದ್ದು ಮಾಡುವ ಕಾಯ್ದೆ ಜಾರಿಗೆ ಬಂದದ್ದು ಮಾತ್ರ ದೇವರಾಜ ಅರಸರ ಕಾಲದಲ್ಲಿ, 1974ರ ಮಾರ್ಚ್ 1ರಂದು. ಕೊಳಗದ ಜಗಳದಿಂದ ಕಾಯ್ದೆಯವರೆಗೆ 23 ವರ್ಷ. 'ಉಳುವವನೇ ಹೊಲದೊಡೆಯ' ಅನ್ನುವ ಮಾತನ್ನು ನಾವು ಅರಸರ ಖಾತೆಗೆ ಬರೆದಿದ್ದೇವೆ. ಅರಸರಿಗೆ ಸಲ್ಲಬೇಕಾದ್ದು ಸಲ್ಲಲಿ, ಅವರು ಆ ಧೈರ್ಯ ಮಾಡಿದರು. ಆದರೆ ಸಹಿ ಹಾಕಿದವರ ಹೆಸರು ನೆನಪಿಟ್ಟು, ಅರ್ಜಿ ಬರೆದವರನ್ನು ಮರೆಯುವುದು ಯಾವ ನ್ಯಾಯ?

ಮೂರು ದಂಗೆಗಳಲ್ಲೂ ಒಂದು ಅಂಶ ಕಣ್ಣಿಗೆ ಹೊಡೆಯುತ್ತದೆ. ಜಗಳ ಶುರುವಾದದ್ದು ಲೆಕ್ಕದಿಂದ. ಶರತ್ತಿನ ಲೆಕ್ಕ, ಕಂದಾಯದ ಲೆಕ್ಕ, ಕೊಳಗದ ಲೆಕ್ಕ. ಸಿಟಿಯಲ್ಲಿ ನಾವು ಸಾಮಾನ್ಯವಾಗಿ ಘೋಷಣೆಯಿಂದ ಶುರು ಮಾಡುತ್ತೇವೆ: ಭ್ರಷ್ಟಾಚಾರ ತೊಲಗಲಿ, ಸಿಸ್ಟಮ್ ಬದಲಾಗಲಿ. ಯಾವ ಸಿಸ್ಟಮ್, ಎಲ್ಲಿ ಸೋರುತ್ತಿದೆ, ಎಷ್ಟು ಸೇರು ಸೋರುತ್ತಿದೆ ಅಂತ ಕೇಳಿದರೆ ತಡವರಿಸುತ್ತೇವೆ. ಅದಕ್ಕೇ ನಮ್ಮ ಕ್ಯಾಂಡಲ್ ಮಾರ್ಚ್ ಮೇಣ ಕರಗುವಷ್ಟು ಹೊತ್ತು ಉಳಿಯುತ್ತದೆ. ಅವರ ಚಳವಳಿಗೆ ಕಾಯ್ದೆ ಬರುವತನಕ 23 ವರ್ಷದ ಉಸಿರು ಇರುತ್ತದೆ.

ಇಲ್ಲೊಂದು ಆಕ್ಷೇಪ ಬರುತ್ತದೆ, ನ್ಯಾಯವಾದದ್ದೇ. "ಹಳ್ಳಿಯನ್ನು ದೇವಸ್ಥಾನ ಮಾಡ್ಬೇಡಿ. ಜಾತಿ ಇರೋದು ಅಲ್ಲೇ, ಒಡೆಯ ಇರೋದೂ ಅಲ್ಲೇ." ಖಂಡಿತ. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಹಳ್ಳಿಯನ್ನು ಹಾಡಿ ಹೊಗಳುವವರಿಗೆ ಮಾಡಿದ ಮಂಗಳಾರತಿ ಇವತ್ತಿಗೂ ಓದಬೇಕಾದ್ದು. ಕಾಗೋಡಿನ ಒಡೆಯರೂ ಹಳ್ಳಿಯವರೇ, ಗೇಣಿದಾರರೂ ಹಳ್ಳಿಯವರೇ. 1974ರ ಕಾಯ್ದೆಯಿಂದ ಗೇಣಿದಾರನಿಗೆ ಭೂಮಿ ಸಿಕ್ಕಿತು, ಗೇಣಿಯೂ ಇಲ್ಲದೆ ಬರೀ ಕೂಲಿ ಮಾಡುತ್ತಿದ್ದವರಿಗೆ, ಅವರಲ್ಲಿ ಬಹಳಷ್ಟು ದಲಿತರಿಗೆ, ಸಿಕ್ಕಿದ್ದು ತೀರಾ ಕಡಿಮೆ. ಹಾಗಾಗಿ 'ಹಳ್ಳಿಯವರು' ಅಂತ ಒಂದೇ ಮೂಟೆ ಕಟ್ಟುವುದನ್ನು ಬಿಡಬೇಕು. ಆದರೆ ಈ ಆಕ್ಷೇಪ ನನ್ನ ವಾದವನ್ನು ಗಟ್ಟಿ ಮಾಡುತ್ತದೆ. ಹಳ್ಳಿಯೊಳಗಿನ ಅನ್ಯಾಯದ ವಿರುದ್ಧ ಮೊದಲು ಎದ್ದವರೂ ಆ ಹಳ್ಳಿಯೊಳಗಿನವರೇ. ಒಡೆಯನ ಮನೆ ಎದುರಿಗೇ ಬದುಕುತ್ತಾ, ಅವನ ಗದ್ದೆಯನ್ನೇ ಉಳುತ್ತಾ, ಅವನ ಕೊಳಗ ಸರಿಯಿಲ್ಲ ಅಂತ ಹೇಳುವುದಕ್ಕೆ ಬೇಕಾದ ಧೈರ್ಯವನ್ನು ಒಮ್ಮೆ ಅಂದಾಜು ಮಾಡಿ. ಬಾಸ್ ತಪ್ಪು ಲೆಕ್ಕ ತೋರಿಸಿದಾಗ ಮ್ಯೂಟಿನಲ್ಲಿ ಕೂರುವವರು ನಾವು.

ಇಷ್ಟೆಲ್ಲ ಹಳೇ ಕಥೆ ಈಗ ಯಾಕೆ ಅಂತೀರಾ? 1974ರ ಭೂಸುಧಾರಣೆಯ ಕಾಯ್ದೆಯಲ್ಲಿ 79ಎ, 79ಬಿ ಅಂತ ಎರಡು ಸೆಕ್ಷನ್ನುಗಳಿದ್ದವು. ಕೃಷಿಯೇತರ ಆದಾಯ ಒಂದು ಮಿತಿ ಮೀರಿದವರು, ಕೃಷಿಕರಲ್ಲದವರು ಕೃಷಿ ಭೂಮಿ ಕೊಳ್ಳದಂತೆ ತಡೆಯುತ್ತಿದ್ದದ್ದು ಇವು. ತಡೆಯಬೇಕಾದಷ್ಟು ತಡೆದವಾ, ಲಂಚಕ್ಕೆ ದಾರಿಯಾದವಾ ಅಂತ ವಾದ ಮಾಡಬಹುದು, ಮಾಡಲಿ. 2020ರಲ್ಲಿ, ಕೋವಿಡ್ ಕಾಲದಲ್ಲಿ, ಮೊದಲು ಸುಗ್ರೀವಾಜ್ಞೆ ತಂದು ಇವನ್ನು ತೆಗೆದುಹಾಕಿದರು. ಆ ವರ್ಷದ ಸೆಪ್ಟೆಂಬರ್ 28ರಂದು ರೈತ ಸಂಘಟನೆಗಳು ಕರ್ನಾಟಕ ಬಂದ್ ಮಾಡಿದವು. ಆವತ್ತು ನಮ್ಮ ಕ್ಯಾಂಟೀನ್‌ಗಳಲ್ಲಿ, ಅಂದರೆ ವರ್ಕ್ ಫ್ರಮ್ ಹೋಮ್ ಗ್ರೂಪುಗಳಲ್ಲಿ, ಬಂದ ಪ್ರತಿಕ್ರಿಯೆ ಏನು? "ಅವರಿಗೆ ಅರ್ಥ ಆಗಿಲ್ಲ."

ಅರ್ಥ ಆಗದೇ ಇದ್ದದ್ದು ಯಾರಿಗೆ? ಆ ಕಾಯ್ದೆ ತಿದ್ದಿದ ಮೇಲೆ ವೀಕೆಂಡಿಗೆ ಒಂದೆಕರೆ ಫಾರ್ಮ್ ಕೊಳ್ಳಲು ದಾರಿ ಸಲೀಸಾದದ್ದು ನಮಗೆ. ಸಾಲದಲ್ಲಿರುವ ಪಕ್ಕದ ಜಮೀನಿನವನು ಯಾವ ಬೆಲೆಗೆ, ಯಾರ ಒತ್ತಡಕ್ಕೆ ಮಾರುತ್ತಾನೆ ಅನ್ನುವ ಲೆಕ್ಕ ಬೀದಿಗಿಳಿದವರಿಗೆ ಗೊತ್ತಿತ್ತು. ಲಾಭ ಇರುವ ಕಡೆ ಕೂತು, ನಷ್ಟ ಇರುವ ಕಡೆಯವನಿಗೆ ಲೆಕ್ಕ ಬರೋಲ್ಲ ಅನ್ನುವುದು ದೊಡ್ಡ ಕೊಳಗದ ಒಡೆಯನ ಮಾತು. ಅದು ಇಂಗ್ಲಿಷ್ ಬೆರೆಸಿದ ಕನ್ನಡದಲ್ಲಿ ಬಂದರೂ ಅದೇ.

ಪ್ರತಿಯೊಂದು ಮೆರವಣಿಗೆಯೂ ಸರಿ ಅಂತಲ್ಲ. ದುಡ್ಡು ಕೊಟ್ಟು ಕರೆತರುವ ಸಮಾವೇಶಗಳು ಇಲ್ಲ ಅಂತಲೂ ಅಲ್ಲ. ಅವನ್ನು ಏರ್ಪಡಿಸುವವರು ಯಾರು ಅನ್ನೋದೂ ನಮಗೆ ಗೊತ್ತು. ರೈತರ ಬೇಡಿಕೆ ತಪ್ಪು ಅನ್ನಿಸಿದರೆ ತಪ್ಪು ಅನ್ನಿ, ಅಂಕಿ ಇಟ್ಟು ವಾದ ಮಾಡಿ. ವಾದ ಮಾಡುವುದು ಗೌರವ ಕೊಟ್ಟಂತೆ. "ಪಾಪ, ಗೊತ್ತಾಗಲ್ಲ" ಅನ್ನುವುದು ವಾದ ಮಾಡುವ ಗೌರವವನ್ನೂ ಕೊಡದೇ ಇರುವುದು.

ಇನ್ನು, ರಾಜಕೀಯ ಪ್ರಜ್ಞೆ ಸಿಟಿಯ ಸ್ವತ್ತು ಅನ್ನುವವರಿಗೆ ಒಂದು ಲೆಕ್ಕ. 2023ರ ವಿಧಾನಸಭಾ ಚುನಾವಣೆಯಲ್ಲಿ ರಾಜ್ಯದ ಮತದಾನ ಶೇಕಡ 73ರ ಆಸುಪಾಸು. ಬೆಂಗಳೂರು ನಗರದಲ್ಲಿ ಶೇಕಡ 55ರ ಸುತ್ತಮುತ್ತ. ರಜೆ ಕೊಟ್ಟಿದ್ದರು, ಬೂತ್ ನಡೆದು ಹೋಗುವ ದೂರದಲ್ಲಿತ್ತು. ಈ ರಾಜ್ಯದಲ್ಲಿ ಸರ್ಕಾರ ಬದಲಾಯಿಸುವ ಕೆಲಸ ಯಾರು ಮಾಡುತ್ತಿದ್ದಾರೆ, ಅದರ ಬಗ್ಗೆ ಟ್ವೀಟ್ ಯಾರು ಮಾಡುತ್ತಿದ್ದಾರೆ ಅಂತ ಈ ಎರಡು ಅಂಕಿ ನೋಡಿದರೆ ಸಾಕು.

ಹಾಗಾಗಿ ಮುಂದಿನ ಸಲ ಹಸಿರು ಶಾಲಿನವರಿಂದ ನಿಮ್ಮ ಕ್ಯಾಬ್ ಅರ್ಧ ಗಂಟೆ ನಿಂತರೆ, ಆ ಅರ್ಧ ಗಂಟೆಯಲ್ಲಿ ಒಂದು ಕೆಲಸ ಮಾಡಿ. ಕಿಟಕಿ ಗಾಜು ಇಳಿಸಿ, ಪಕ್ಕದಲ್ಲಿ ನಡೆಯುತ್ತಿರುವ ಯಜಮಾನರನ್ನೋ ಅಮ್ಮನನ್ನೋ ಕೇಳಿ: "ಯಾವೂರಿಂದ ಬಂದ್ರಿ? ಈ ಸಲ ಕೊಳಗ ಎಲ್ಲಿ ದೊಡ್ಡದಾಗಿದೆ?" ಕೊಳಗ ಅನ್ನುವ ಮಾತು ಅವರ ಸೀಮೆಯಲ್ಲಿ ಇಲ್ಲದಿದ್ದರೆ "ಎಲ್ಲಿ ಮೋಸ ಆಗ್ತಿದೆ?" ಅಂತ ಕೇಳಿ. ಸೇರು, ಕ್ವಿಂಟಾಲ್, ರೂಪಾಯಿ ಲೆಕ್ಕದಲ್ಲಿ ಉತ್ತರ ಬರುತ್ತದೆ. ಅದನ್ನು ಕೇಳಿಸಿಕೊಂಡ ಮೇಲೆ, ಯಾರಿಗೆ ಏನು ಅರ್ಥ ಆಗಿಲ್ಲ ಅಂತ ನೀವೇ ತೀರ್ಮಾನ ಮಾಡಿ.